ಮಾತಿಗೆ ಕಟ್ಟಿದ ಕಥೆ, ಮಾತಿನ ಮೂಲ

ಉಪ್ಪಿಟ್ಟು ಎಂಬ ಮಾತನ್ನು ಬಿಡಿಸಿ ಹೇಳಿ ಎಂದು ಯಾರನ್ನು ಕೇಳಿದರೂ ಥಟ್ಟನೆ ಬರುವ ಉತ್ತರ ಒಂದೇ: ಉಪ್ಪು ಇಟ್ಟು ಮಾಡಿದ್ದು ಉಪ್ಪಿಟ್ಟು. ಕಿವಿಗೆ ಸರಿಯಾಗಿಯೇ ಇದೆ. ಆದರೆ ಕ್ಷಣಕಾಲ ಯೋಚಿಸಿ. ಸಾರಿಗೂ ಉಪ್ಪು ಬೀಳುತ್ತದೆ, ಪಲ್ಯಕ್ಕೂ ಬೀಳುತ್ತದೆ. ಅವಕ್ಕೆ ಬಾರದ ಹೆಸರು ಇದೊಂದಕ್ಕೇ ಏಕೆ ಬಂತು? ಅಲ್ಲದೆ ನಾವು ಉಪ್ಪನ್ನು ಅಡುಗೆಗೆ ಹಾಕುತ್ತೇವೆಯೇ ಹೊರತು ಇಡುವುದಿಲ್ಲ. ಇಲ್ಲಿ ನೆರೆಮನೆಯವರನ್ನು ಒಂದು ಮಾತು ಕೇಳುವುದು ಒಳ್ಳೆಯದು. ತಮಿಳರು ಇದೇ ತಿಂಡಿಯನ್ನು ಉಪ್ಪುಮಾ ಎನ್ನುತ್ತಾರೆ. ಅವರ ನುಡಿಯಲ್ಲಿ ಮಾ ಅಥವಾ ಮಾವು ಎಂದರೆ ಹಿಟ್ಟು. ಅವರ ಉಪ್ಪುಮಾ ಉಪ್ಪಿನ ಹಿಟ್ಟಾದರೆ ನಮ್ಮದೂ ಉಪ್ಪಿನ ಹಿಟ್ಟೇ ಆಗಿರಬೇಕು. ಉಪ್ಪು ಮತ್ತು ಹಿಟ್ಟು ಸೇರುವಾಗ ನಡುವಿನ ಹಕಾರ ಜಾರಿ ಉಪ್ಪಿಟ್ಟು ಆಗಿದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ರಾಗಿಹಿಟ್ಟನ್ನು ರಾಗಿಟ್ಟು ಎಂದೂ ಅಕ್ಕಿಹಿಟ್ಟನ್ನು ಅಕ್ಕಿಟ್ಟು ಎಂದೂ ಹೇಳುವುದನ್ನು ಕೇಳಿದವರಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಆ ಹಿಟ್ಟಾದರೂ ನಮ್ಮದೇ ಎಂದು ಹೆಮ್ಮೆಪಡುವ ಮೊದಲು ಇನ್ನೊಂದು ಹೆಜ್ಜೆ ಹಿಂದೆ ಹೋಗಬೇಕು: ಅದು ಸಂಸ್ಕೃತದ ಪಿಷ್ಟ, ಅಂದರೆ ಅರೆದದ್ದು, ಪುಡಿಯಾದದ್ದು, ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ ಕನ್ನಡಕ್ಕೆ ಪಿಟ್ಟು ಎಂದು ಬಂದು, ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಹಿಟ್ಟಾಯಿತು.

ಪರಿಚಿತವಾದ ಮಾತೊಂದರ ಮೂಲ ಮರೆತುಹೋದಾಗ ಜನ ಸುಮ್ಮನಿರುವುದಿಲ್ಲ. ಕೈಗೆ ಸಿಕ್ಕ ಇನ್ನೊಂದು ಮಾತಿನ ಆಸರೆಯಿಂದ ಅದಕ್ಕೆ ಅರ್ಥ ಕಟ್ಟುತ್ತಾರೆ. ಅರ್ಥದ ಸುತ್ತ ಕಥೆ ಹೆಣೆಯುತ್ತಾರೆ. ಇದನ್ನು ಜನಪದ ನಿರುಕ್ತಿ ಎಂದು ಕರೆಯುವುದು ವಾಡಿಕೆ. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಪಾಠ ಹೇಳಿದ ನನಗೆ ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗರನ್ನು ಎಚ್ಚರಿಸಲು ಇಂಥ ಕಥೆಗಳಷ್ಟು ಒದಗಿದ ಸಾಧನ ಬೇರೊಂದಿಲ್ಲ. ದೋಸೆಯ ಕಥೆಯನ್ನೇ ತೆಗೆದುಕೊಳ್ಳಿ. ಕಾದ ಕಾವಲಿಯ ಮೇಲೆ ಹುಯ್ದಾಗ ಒಮ್ಮೆ, ಮಗುಚಿ ಹಾಕಿದಾಗ ಒಮ್ಮೆ, ಹೀಗೆ ಎರಡು ಸಲ ‘ಸೇ’ ಎಂದು ಸದ್ದು ಮಾಡುವುದರಿಂದ ಅದು ದೋ-ಸೆ ಎಂದು ಹೇಳುವವರಿದ್ದಾರೆ. ಮಡಿವಂತ ಅಡುಗೆಯವನೊಬ್ಬ ಅಕ್ಕಿಯನ್ನು ಹುಳಿಸಿ ಹೆಂಡ ಮಾಡಲು ಹೊರಟು, ಅದು ಕೈಗೂಡದೆ ಹಿಟ್ಟನ್ನು ಕಾವಲಿಗೆ ಹುಯ್ದನಾಗಿ, ಆ ದೋಷದ ನೆನಪೇ ದೋಸೆ ಎಂದು ಹೇಳುವವರೂ ಇದ್ದಾರೆ. ಕನ್ನಡಿಗರು ಅಡುಗೆಮನೆಯ ತಿಂಡಿಗೆ ಹೆಸರಿಡಲು ಹಿಂದಿಯ ಅಂಕಿಯನ್ನು ಏಕೆ ಹುಡುಕಿಕೊಂಡು ಹೋದರು ಎಂದು ಮೊದಲನೆಯವರನ್ನು ಕೇಳಬಹುದು. ಎರಡನೆಯವರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಗ್ರಂಥವನ್ನು ತೋರಿಸಬಹುದು. ಸುಮಾರು 1129ರಲ್ಲಿ ಸಿದ್ಧವಾದ ಅವನ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಈ ತಿಂಡಿ ಧೋಸಕ ಎಂಬ ಹೆಸರಿನಿಂದ ಬರುತ್ತದೆ. ಅರಮನೆಯ ಊಟದ ಎಲೆಯಲ್ಲಿ ಗೌರವದಿಂದ ಕುಳಿತ ಪದಾರ್ಥಕ್ಕೆ ದೋಷದ ಹೆಸರಿರುವುದು ಅಸಂಭವ. ಇಡ್ಲಿಯ ದಾಖಲೆ ಇನ್ನೂ ಹಿಂದಿನದು; ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆ ಕಾಣಿಸಿಕೊಂಡಿದೆ.

ಮಾತಿನ ಮೂಲವನ್ನು ಹುಡುಕುವವನು ನ್ಯಾಯಾಲಯದಲ್ಲಿ ಕುಳಿತವನಂತೆ ಸಾಕ್ಷಿಗಳನ್ನು ಕರೆಯಬೇಕಾಗುತ್ತದೆ. ಕಾಲ ತಿಳಿದಿರುವ ಶಾಸನ ಇಲ್ಲವೆ ಗ್ರಂಥ ಒಂದು ಸಾಕ್ಷಿ. ನೆರೆಯ ನುಡಿಗಳದು ಇನ್ನೊಂದು. ಧ್ವನಿಗಳು ಕಾಲದಿಂದ ಕಾಲಕ್ಕೆ ಹೇಗೆ ಬದಲಾದುವು ಎಂಬ ನಿಯಮ ಮತ್ತೂ ಒಂದು. ಕಿವಿಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಹಬ್ಬ ಎಂಬ ಮಾತಿನ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದು, “ಸಾರ್, ಸಂತೋಷ ಊರೆಲ್ಲ ಹಬ್ಬುತ್ತದೆ, ಅದಕ್ಕೇ ಹಬ್ಬ” ಎಂದ. ಚೆಲುವಾದ ಊಹೆ. ಹಳಗನ್ನಡದಲ್ಲಿ ಹಬ್ಬು ಎಂಬುದು ಪರ್ಬು ಎಂದಿತ್ತು. ಆದ್ದರಿಂದ ಧ್ವನಿನಿಯಮವೂ ಅವನ ಕೈಬಿಡುವುದಿಲ್ಲ! ಅವನ ಕೈಬಿಡುವುದು ನೆರೆಯ ನುಡಿ. ತೆಲುಗಿನವರು ಹಬ್ಬವನ್ನು ಪಬ್ಬಮು ಎನ್ನುತ್ತಾರೆ. ಪಾಳಿಯಲ್ಲಿ ಪಬ್ಬ ಎಂದರೆ ಗಿಣ್ಣು, ಗಂಟು. ಇವೆರಡರ ಹಿಂದೆ ಇರುವುದು ಸಂಸ್ಕೃತದ ಪರ್ವ. ಬಿದಿರಿನ ಗಿಣ್ಣು, ಕಬ್ಬಿನ ಗಿಣ್ಣು, ಬೆರಳಿನ ಗಿಣ್ಣು, ಎಲ್ಲವೂ ಪರ್ವವೇ. ಕಾಲವೆಂಬ ಕೋಲಿಗೂ ಹೀಗೆಯೇ ಗಿಣ್ಣುಗಳಿವೆ: ಹುಣ್ಣಿಮೆ, ಅಮಾವಾಸ್ಯೆ, ಸಂಕ್ರಮಣ. ಆ ಸಂಧಿದಿನಗಳು ಪರ್ವಗಳಾದುವು, ಪರ್ವ ಪಬ್ಬವಾಯಿತು, ಪಬ್ಬ ಹಬ್ಬವಾಯಿತು. ಮಹಾಭಾರತದ ಹದಿನೆಂಟು ಪರ್ವಗಳೂ ಯುಗಾದಿಯ ಹಬ್ಬವೂ ಒಂದೇ ಗಿಣ್ಣಿನಿಂದ ಒಡೆದ ಚಿಗುರುಗಳು. ಆ ಹುಡುಗನ ಊಹೆಗಿಂತ ನಿಜವೇ ಹೆಚ್ಚು ಸೊಗಸಾಗಿದೆ ಎಂದು ನನಗೆ ಅಂದೂ ತೋರಿತ್ತು, ಇಂದೂ ತೋರುತ್ತದೆ.

ಇನ್ನು ಕೆಲವು ಕಡೆ ನಮ್ಮ ನುಡಿಯೇ ತನ್ನ ಹಳೆಯ ಗುರುತನ್ನು ಅಳಿಸಿಕೊಂಡು ನಿರುಕ್ತಿಕಾರರಿಗೆ ಬಾಗಿಲು ತೆರೆದಿದೆ. ಬಾಳುವುದೆಂದರೆ ಬಾಳಿನ ಅಲುಗಿನ ಮೇಲೆ, ಅಂದರೆ ಕತ್ತಿಯ ಅಲುಗಿನ ಮೇಲೆ, ನಡೆಯುವುದು ಎಂದು ಉಪನ್ಯಾಸಕಾರರು ಹೇಳಿದಾಗ ಸಭೆ ತಲೆದೂಗುತ್ತದೆ. ಆದರೆ ಹಳಗನ್ನಡದಲ್ಲಿ ಕತ್ತಿ ಬಾಳ್, ಜೀವಿಸುವುದು ಬಾೞ್. ಎರಡನೆಯದರಲ್ಲಿದ್ದ ರಳ ಎಂಬ ಅಕ್ಷರ ಈಗ ನಮ್ಮ ವರ್ಣಮಾಲೆಯಲ್ಲಿಲ್ಲ. ತಮಿಳು, ಮಲಯಾಳಗಳಲ್ಲಿ ಅದಿನ್ನೂ ಜೀವಂತವಾಗಿದೆ. ಅಲ್ಲಿ ಕತ್ತಿಗೂ ಬದುಕಿಗೂ ಯಾರೂ ಗಂಟು ಹಾಕಲಾರರು. ಹದಿಮೂರನೆಯ ಶತಮಾನದ ನಡುವಿನಲ್ಲಿದ್ದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳವಿರುವ ಮಾತುಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಜನ ಸಹಜವಾಗಿ ಉಚ್ಚರಿಸುತ್ತಿರುವ ಧ್ವನಿಗೆ ವೈಯಾಕರಣ ಪಟ್ಟಿ ಮಾಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ಅವನ ಕಾಲಕ್ಕೇ ಅದು ನಾಲಗೆಯಿಂದ ಜಾರುತ್ತಿತ್ತು ಎಂಬುದಕ್ಕೆ ಆ ಪಟ್ಟಿಯೇ ಆಧಾರ.

ಇಂಥ ಕಥೆಗಳನ್ನು ಕಟ್ಟುವವರು ಓದುಬರಹ ಬಾರದ ಹಳ್ಳಿಗರು ಎಂದು ಭಾವಿಸಬಾರದು. ವೇದದ ಮಾತುಗಳಿಗೆ ಅರ್ಥ ಹೇಳಿದ ಯಾಸ್ಕಮುನಿ ಒಂದೊಂದು ಶಬ್ದಕ್ಕೆ ಎರಡು ಮೂರು ಧಾತುಗಳಿಂದ ನಿರ್ವಚನ ಕೊಡುತ್ತಾನೆ. ಅರ್ಥವೇ ಮುಖ್ಯ, ವ್ಯಾಕರಣದ ಸಂಸ್ಕಾರ ಒಗ್ಗದಿದ್ದರೂ ಚಿಂತೆಯಿಲ್ಲ ಎಂಬುದು ಅವನ ನಿಲುವು. ಅವನ ಉದ್ದೇಶ ಬೇರೆ. ಮಂತ್ರದ ಮನನಕ್ಕೆ ಒದಗುವ ಅರ್ಥವನ್ನು ಅವನು ಅರಸುತ್ತಿದ್ದನೇ ಹೊರತು ಮಾತಿನ ಚರಿತ್ರೆಯನ್ನಲ್ಲ. ಆ ಭೇದವನ್ನು ಮರೆತ ನಮ್ಮ ಪಂಡಿತರು ಸಿಕ್ಕ ಕನ್ನಡದ ಮಾತನ್ನೆಲ್ಲ ಸಂಸ್ಕೃತದ ಧಾತುವಿಗೆ ಕಟ್ಟಿಹಾಕಿದರು. ಸಂಸ್ಕೃತದ ನೀರ, ಮೀನ ಎಂಬುವೇ ನಮ್ಮ ನೀರು ಮೀನುಗಳಿಂದ ಅಲ್ಲಿಗೆ ಹೋದವು ಎಂದರೆ ಈಗಲೂ ಮುಖ ಗಂಟಿಕ್ಕುವವರುಂಟು. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಹೊರಬಂದ ತನ್ನ ನಿಘಂಟಿನ ಪೀಠಿಕೆಯಲ್ಲಿ ಕಿಟ್ಟೆಲ್ ಅಂಥ ಮಾತುಗಳ ಉದ್ದವಾದ ಪಟ್ಟಿಯನ್ನೇ ಕೊಟ್ಟಿದ್ದಾನೆ.

ಆಸ್ಥಾನಗಳೂ ಹಿಂದೆ ಬೀಳಲಿಲ್ಲ. ಹುಲಿ ಮೇಲೆ ಬಿದ್ದಾಗ ಜೈನಮುನಿ “ಪೊಯ್ ಸಳ” ಎಂದನಂತೆ, ಸಳ ಹೊಯ್ದನಂತೆ, ವಂಶಕ್ಕೆ ಪೊಯ್ಸಳ, ಮುಂದೆ ಹೊಯ್ಸಳ ಎಂಬ ಹೆಸರಾಯಿತಂತೆ. ಬೇಲೂರು ಹಳೇಬೀಡುಗಳ ಗುಡಿಗಳ ಮುಂದೆ ಆ ವೀರನನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ. ಪ್ರವಾಸಿಗರಿಗೆ ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳದೆ ಬಂದರೆ ಸಮಾಧಾನವಿಲ್ಲ. ಆದರೆ ಈ ಕಥೆ ನಮಗೆ ಸಿಗುವುದು ವಿಷ್ಣುವರ್ಧನನ ಕಾಲಕ್ಕೆ, 1117ರ ಬೇಲೂರಿನ ಶಾಸನದಲ್ಲಿ. ಪೊಯ್ಸಳ ಎಂಬ ಹೆಸರಾದರೋ ಅದಕ್ಕೂ ನೂರು ವರ್ಷ ಹಿಂದಿನ ಶಾಸನಗಳಲ್ಲೇ ಇದೆ. ಮಲೆನಾಡಿನ ಚಿಕ್ಕ ಪಾಳೆಯಗಾರಿಕೆ ದೊಡ್ಡ ರಾಜ್ಯವಾದಾಗ ಅದಕ್ಕೆ ತಕ್ಕ ಮೂಲಪುರುಷನೊಬ್ಬ ಬೇಕಾದ. ಹೆಸರಿನ ಒಳಗೇ ಅವನನ್ನು ಹುಡುಕಿದರು. ಹೆಸರು ಮೊದಲು, ಸಳ ಆಮೇಲೆ.

ಊರುಗಳ ಹೆಸರಿನಲ್ಲಿ ಈ ತಿರುವುಮುರುವು ಪದೇಪದೇ ಕಾಣುತ್ತದೆ. ಸಕ್ಕರೆಪಟ್ಟಣದ ರುಕ್ಮಾಂಗದನೆಂಬ ದೊರೆ ಹಿರಿಯ ಮಗಳಿಗೆ ಒಂದೂರನ್ನೂ ಚಿಕ್ಕ ಮಗಳಿಗೆ ಇನ್ನೊಂದೂರನ್ನೂ ಬಳುವಳಿ ಕೊಟ್ಟನೆಂದೂ, ಅವೇ ಹಿರೇಮಗಳೂರು ಚಿಕ್ಕಮಗಳೂರುಗಳಾದವೆಂದೂ ಆ ಕಡೆಯವರು ಹೇಳುತ್ತಾರೆ. ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಆ ಊರುಗಳು ಪಿರಿಯಮುಗುಳಿ, ಕಿರಿಯಮುಗುಳಿ. ಹಿರಿದು ಕಿರಿದಾಗಿದ್ದದ್ದು ಊರು, ರಾಜಕುಮಾರಿಯರಲ್ಲ. ದೊಡ್ಡಬಳ್ಳಾಪುರಕ್ಕೆ ಚಿಕ್ಕಬಳ್ಳಾಪುರ ಜೊತೆಯಾಗಿರುವ ಹಾಗೆ. ಮುಗುಳಿ ಎಂಬುದು ಅರ್ಥವಾಗದೆ ಹೋದಾಗ ಮಗಳು ಬಂದು ಆ ಜಾಗದಲ್ಲಿ ಕುಳಿತಳು. ಇಲ್ಲಿ ಕಥೆ ಹೆಸರನ್ನು ವಿವರಿಸಿದ್ದಷ್ಟೇ ಅಲ್ಲ, ಹೆಸರಿನ ರೂಪವನ್ನೇ ತಿದ್ದಿಬಿಟ್ಟಿದೆ.

ಬೆಂಗಳೂರಿನ ಕಥೆ ಎಲ್ಲರಿಗೂ ಗೊತ್ತು. ಬೇಟೆಯಲ್ಲಿ ದಾರಿ ತಪ್ಪಿ ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ಎರಡನೆಯ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಈಗಿನ ಬೆಂಗಳೂರಿಗೇ ಸೇರಿಹೋಗಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂದು ವೀರಗಲ್ಲಿನ ಶಾಸನವಿದೆ. ಕಾಲ ಸುಮಾರು 890. ಅದರಲ್ಲಿ ಬೆಂಗುಳೂರಿನ ಕಾಳಗ ಎಂದು ಸ್ಪಷ್ಟವಾಗಿ ಬರೆದಿದೆ. ಬಲ್ಲಾಳ ಹುಟ್ಟುವುದಕ್ಕೆ ಎರಡೂವರೆ ಶತಮಾನಕ್ಕೂ ಹಿಂದೆಯೇ ಊರಿತ್ತು, ಹೆಸರಿತ್ತು, ಆ ಹೆಸರಿನಲ್ಲಿ ಬೆಂದ ಕಾಳು ಇರಲಿಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂದೇ ಬರೆಯಬೇಕೆಂಬ ನಿಯಮ ಜಾರಿಗೆ ಬಂದಾಗ ಎಷ್ಟೋ ಜನ ಸಂಭ್ರಮದಿಂದ ನೆನೆದದ್ದು ಆ ಮುದುಕಿಯನ್ನೇ.

ನೆನೆಯಲಿ, ಆಕ್ಷೇಪವಿಲ್ಲ. ದೊರೆ ಬಡವಿಯ ಗುಡಿಸಲಿನಲ್ಲಿ ಉಂಡ ಕಥೆ ನಾಡಿನ ಮನಸ್ಸಿಗೆ ಪ್ರಿಯವಾದದ್ದು. ಅದನ್ನು ಕಿತ್ತುಕೊಳ್ಳುವುದು ನನ್ನ ಉದ್ದೇಶವಲ್ಲ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಬೇಗೂರಿನ ಕಲ್ಲು ಬರಿಯ ಊರಿನ ಹೆಸರನ್ನು ಹೇಳಿ ಸುಮ್ಮನಾಗಿಲ್ಲ. ನಾಗತ್ತರನೆಂಬ ಅಧಿಕಾರಿಯ ಮನೆಗೆ ಸೇರಿದ ಬುಟ್ಟಣಸೆಟ್ಟಿ ಎಂಬವನು ಆ ಕಾಳಗದಲ್ಲಿ ಸತ್ತನೆಂದು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ನಮಗೆ ದೊರೆಯುವ ಅತ್ಯಂತ ಹಳೆಯ ಬರಹ ಒಬ್ಬ ಮನುಷ್ಯನ ಸಾವಿನ ಸುದ್ದಿ. ಆ ನಗರದಲ್ಲಿರುವವರು ಕೋಟಿಗೂ ಮೇಲೆ. ಮುದುಕಿಯ ಕಾಳು ಗೊತ್ತಿಲ್ಲದವರು ಅವರಲ್ಲಿ ಕಡಿಮೆ, ಬುಟ್ಟಣಸೆಟ್ಟಿಯ ಹೆಸರು ಕೇಳಿದವರು ಇನ್ನೂ ಕಡಿಮೆ. ನಾನು ಒಮ್ಮೆ ಆ ಕಲ್ಲನ್ನು ನೋಡಲು ಹೋದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಏನು ಬರೆದಿದೆ ಸ್ವಾಮಿ, ಬೆಂದಕಾಳೂರು ಅಂತಲೇ ಅಲ್ಲವೆ?” ಎಂದು ಕೇಳಿದರು. ಬರೆದದ್ದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ನಿಂತಿದ್ದು, “ಹಾಗಾದರೆ ಅವನ ಮನೆಯವರು ಕಲ್ಲು ನಿಲ್ಲಿಸಿದರು ಅನ್ನಿ” ಎಂದರು. ಕಥೆ ಸರಿದ ಕೂಡಲೇ ಅವರಿಗೆ ಕಲ್ಲಿನ ಹಿಂದಿನ ಮನುಷ್ಯ ಕಂಡ.

ಮನೆಯೊಳಗಿನ ಸಾಮಾನುಗಳಿಗೆ ಮರಳೋಣ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ನಮ್ಮ ಕರಾವಳಿಯ ಮೂಲಕ ಒಳಗೆ ಬಂದ ಮಾತುಗಳು ಎಷ್ಟು ಸದ್ದಿಲ್ಲದೆ ಮನೆಯವರಾಗಿಬಿಟ್ಟಿವೆ! ಬಟ್ಟೆ ಇಡುವ ಅಲಮಾರು ಅವರ ಅರ್ಮಾರಿಯೊ. ಅದನ್ನು ತೆರೆಯುವ ಚಾವಿ ಅವರ ಶಾವೆ. ಪೇರಲೆ ಹಣ್ಣಿಗೆ ಅವರ ಪೇರ ಎಂಬ ಬೇರೆಯೇ ಹಣ್ಣಿನ ಹೆಸರು ಅಂಟಿಕೊಂಡಿದೆ. ಬೀದಿಯ ಅಂಗಡಿಗಳ ಮೇಲೆ ಇಸ್ತ್ರಿ ಎಂಬುದನ್ನು ಇಸ್ತ್ರೀ ಎಂದು ದೀರ್ಘ ಎಳೆದು ಬರೆದಿರುವುದನ್ನು ಕಂಡು, ಮನೆಯ ಬಟ್ಟೆ ತೀಡುವುದು ಸ್ತ್ರೀಯರ ಕೆಲಸವಾದ್ದರಿಂದ ಈ ಹೆಸರು ಎಂದು ವಿವರಿಸಿದ ಮಹನೀಯರೊಬ್ಬರು ನನಗೆ ಗೊತ್ತು. ಅವರ ಮನೆಯಾಕೆ ಅಲ್ಲೇ ಇದ್ದರು, ನಗಲಿಲ್ಲ. ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಮೂಲ ಪೋರ್ಚುಗೀಸಿನ ಎಸ್ತಿರಾರ್. ಎಳೆದು ಹರಡುವುದು ಎಂದರ್ಥ.

ಹೊಸ ವಸ್ತುವಿಗೆ ಯಾವಾಗಲೂ ಹೊರಗಿನ ಹೆಸರೇ ಬರಬೇಕೆಂದಿಲ್ಲ. ಮೆಣಸಿನಕಾಯಿ ಅಮೆರಿಕದ ಗಿಡ. ಹದಿನಾರನೆಯ ಶತಮಾನಕ್ಕೆ ಮೊದಲು ನಮ್ಮ ಯಾವ ಸಾರಿಗೂ ಅದು ಬಿದ್ದಿರಲಿಲ್ಲ. ಅದನ್ನು ಮೊದಲು ಬಾಯಿಗೆ ಹಾಕಿಕೊಂಡ ಕನ್ನಡಿಗ ತಂದವರ ಹೆಸರನ್ನು ಕೇಳಲಿಲ್ಲ. ತನಗೆ ತಿಳಿದ ಖಾರ ಮೆಣಸು, ಇದು ಅದರಂತೆ ಉರಿಯುವ ಕಾಯಿ, ಆದ್ದರಿಂದ ಮೆಣಸಿನಕಾಯಿ ಎಂದ. ಆಮೇಲೆ ನಡೆದದ್ದು ಸ್ವಾರಸ್ಯ. ಬಂದ ಅತಿಥಿಯೇ ಯಜಮಾನನಾಗಿ, ಮೂಲದ ಮೆಣಸು ತನ್ನ ಮನೆಯಲ್ಲೇ ಗುರುತು ಹೇಳಿಕೊಳ್ಳಬೇಕಾಯಿತು: ಕರಿಮೆಣಸು, ಕಾಳುಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು. ಆ ‘ಒಳ್ಳೆ’ ಎಂಬ ಒಂದು ವಿಶೇಷಣದಲ್ಲಿ ಹಳೆಯ ಬೆಳೆಗಾರರ ಅಸಮಾಧಾನವೇ ಕೇಳಿಸುವಂತಿದೆ.

ಕಚೇರಿಯ ಮಾತುಗಳ ಮೇಲೆ ನಮ್ಮಲ್ಲಿ ಕೆಲವರಿಗೆ ಕೋಪ. ಅರ್ಜಿ, ವಸೂಲಿ, ತಾಲ್ಲೂಕು, ಜಿಲ್ಲೆ, ರಸೀದಿ, ಇವೆಲ್ಲ ಅರಬ್ಬಿ ಪಾರಸಿಗಳಿಂದ ಬಂದವು, ತೆಗೆದುಹಾಕಬೇಕು ಎನ್ನುತ್ತಾರೆ. ಹೊಲದ ಪಹಣಿಗಾಗಿ ತಲೆಮಾರುಗಳಿಂದ ಅರ್ಜಿ ಬರ��ಸುತ್ತ ಬಂದ ರೈತನಿಗೆ ಅರ್ಜಿ ಕನ್ನಡವೇ. ಅವನ ಬಾಯಿಂದ ಅದನ್ನು ಕಿತ್ತು ವಿಜ್ಞಾಪನಾ ಪತ್ರವನ್ನು ತುರುಕಿದರೆ ಅವನು ಮತ್ತೊಮ್ಮೆ ಬರೆಯುವವನ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಈ ಶುದ್ಧಿಯ ಹಠಕ್ಕೆ ಮಿತಿಯೂ ಇಲ್ಲ. ದಫ್ತರವನ್ನು ಪಾರಸಿ ಎಂದು ಹೊರಗಟ್ಟಲು ಹೊರಟರೆ ಅದರ ಹಿಂದೆ ಗ್ರೀಕರ ದಿಫ್ಥೆರಾ ನಿಂತಿದೆ. ಬರೆಯಲು ಹದಮಾಡಿದ ತೊಗಲು ಅದು. ಎಲ್ಲಿಗೆಂದು ಅಟ್ಟುವುದು?

ಹೊರಗಿನ ಮಾತನ್ನು ನಮ್ಮ ಜನ ಎರಕ ಹೊಯ್ದುಕೊಳ್ಳುವ ಪರಿಯಂತೂ ನನಗೆ ಬಲು ಪ್ರಿಯ. ಹಾಸ್ಪಿಟಲ್ ನಮ್ಮಲ್ಲಿ ಆಸ್ಪತ್ರೆಯಾದಾಗ ಅದರ ತುದಿಗೆ ಬಿಲ್ವಪತ್ರೆಯ ಪತ್ರೆಯೇ ಬಂದು ಸೇರಿದಂತಾಯಿತು. ಮಾಸ್ಟರ್ ಮೇಷ್ಟ್ರು ಆದದ್ದು ಇನ್ನೂ ಜಾಣತನದ ಕೆಲಸ. ಇಂಗ್ಲಿಷಿನ ಕೊನೆಯ ರೇಫ ನಮ್ಮ ಕಿವಿಗೆ ಗೌರವದ ‘ರು’ ಆಗಿ ಕೇಳಿಸಿತು. ಮೇಷ್ಟ್ರು ಬಂದರು, ಡಾಕ್ಟ್ರು ಹೋದರು. ಗೌರವದ ಬಹುವಚನ ಆ ಮಾತುಗಳಲ್ಲಿ ಹುಟ್ಟಿನಿಂದಲೇ ಇದ್ದಂತೆ ಕೂತುಬಿಟ್ಟಿತು. ನನ್ನ ಮನೆಯ ಗೋಡೆ ಏಳುತ್ತಿದ್ದ ದಿನಗಳಲ್ಲಿ ಕಟ್ಟಡದ ಮೇಸ್ತ್ರಿಗಳು ನನ್ನನ್ನು “ಮೇಷ್ಟ್ರೇ” ಎಂದು ಕೂಗುವರು, ನಾನು ಅವರನ್ನು “ಮೇಸ್ತ್ರಿಗಳೇ” ಎನ್ನುವೆನು. ಇಬ್ಬರದೂ ಒಂದೇ ಹೆಸರು ಎಂದು ಒಂದು ದಿನ ಹೇಳಿದೆ. ಲ್ಯಾಟಿನ್ನಿನ ಮಗಿಸ್ತೆರ್ ಪೋರ್ಚುಗೀಸಿನಲ್ಲಿ ಮೆಸ್ತ್ರೆಯಾಗಿ ಕರಾವಳಿಯ ದಾರಿಯಿಂದ ಬಂದು ಕರಣೆ ಹಿಡಿಯಿತು; ಇಂಗ್ಲಿಷಿನಲ್ಲಿ ಮಾಸ್ಟರ್ ಆಗಿ ಶಾಲೆಯ ದಾರಿಯಿಂದ ಬಂದು ಸೀಮೆಸುಣ್ಣ ಹಿಡಿಯಿತು. ಅವರು ಕೇಳಿ, “ಹಾಗಾದರೆ ಕೂಲಿ ಮಾತ್ರ ಯಾಕೆ ಬೇರೆ ಬೇರೆ?” ಎಂದರು. ಭಾಷಾಶಾಸ್ತ್ರದಲ್ಲಿ ಅದಕ್ಕೆ ಉತ್ತರವಿಲ್ಲ.

ಕೂಲಿಯ ಮಾತು ಬಂದಿದ್ದರಿಂದ ಕಾಸಿನ ವಿಷಯವನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನ ಕ್ಯಾಷ್ ನಮ್ಮ ಕಾಸಿನಿಂದಲೇ ಹುಟ್ಟಿತು ಎಂದು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುವುದುಂಟು. ಅಭಿಮಾನದ ನಿರುಕ್ತಿಗಳನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಇಂಗ್ಲಿಷಿನಲ್ಲಿ ಕ್ಯಾಷ್ ಒಂದಲ್ಲ, ಎರಡು. ರೊಕ್ಕ ಎಂಬ ಅರ್ಥದ ಕ್ಯಾಷ್ ಫ್ರೆಂಚ್, ಇಟಾಲಿಯನ್ ನುಡಿಗಳಲ್ಲಿ ಹಣದ ಪೆಟ್ಟಿಗೆಗೆ ಇದ್ದ ಹೆಸರು. ಅದಕ್ಕೂ ನಮಗೂ ಸಂಬಂಧವಿಲ್ಲ. ದಕ್ಷಿಣ ಭಾರತದ ಚಿಲ್ಲರೆ ನಾಣ್ಯವೆಂಬ ಅರ್ಥದ ಕ್ಯಾಷ್ ಮಾತ್ರ ನಿಜವಾಗಿ ನಮ್ಮ ನುಡಿಗಳ ಕಾಸು. ಪೋರ್ಚುಗೀಸರ ಬಾಯಿಂದ ಇಂಗ್ಲಿಷರಿಗೆ ದಾಟಿದ್ದು. ಈಸ್ಟ್ ಇಂಡಿಯಾ ಕಂಪನಿಯ ಮದರಾಸಿನ ಲೆಕ್ಕದಲ್ಲಿ 80 ಕ್ಯಾಷಿಗೆ ಒಂದು ಹಣ, 42 ಹಣಕ್ಕೆ ಒಂದು ವರಾಹ. 1818ರಲ್ಲಿ ರೂಪಾಯಿ ಬರುವವರೆಗೂ ಇದೇ ನಡೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ತಾಮ್ರದ ನಾಣ್ಯಗಳು ಯಾರಿಗಾದರೂ ಸಿಕ್ಕಿದರೆ ಹೊರಳಿಸಿ ನೋಡಿ. ಕನ್ನಡದಲ್ಲಿ ಕಾಸು ಎಂದಿದೆ, ಇಂಗ್ಲಿಷಿನಲ್ಲಿ ಕ್ಯಾಷ್ ಎಂದಿದೆ.